ಕ್ರೂಸ್ ಬುಕ್ ಮಾಡುವ ಮೊದಲು ವೇಳಾಪಟ್ಟಿಯನ್ನು ಗಡಿಯಾರ ಹಿಡಿದು ಓದಿ

ಪ್ರಶ್ನೆ: ನಮ್ಮದು ಆರು ಜನರ ಕುಟುಂಬ. ಅಪ್ಪನಿಗೆ 70, ಅಮ್ಮನಿಗೆ 66. ಅಮ್ಮನಿಗೆ ಮಂಡಿನೋವು, ಜೊತೆಗೆ ಬಸ್ಸಿನಲ್ಲಿ ಎರಡು ಗಂಟೆ ಕೂತರೆ ವಾಂತಿ. ಮಕ್ಕಳಿಗೆ 11 ಮತ್ತು 5 ವರ್ಷ. ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆ ಏಳು ರಾತ್ರಿಯ ಮೆಡಿಟರೇನಿಯನ್ ಕ್ರೂಸ್ ಹೋಗೋಣ ಅಂತ ಇದ್ದೇವೆ. ನಮ್ಮಲ್ಲಿ ಯಾರೂ ಹಡಗು ಹತ್ತಿದವರಲ್ಲ. ಎರಡು ಪ್ಲಾನ್ ಕೈಯಲ್ಲಿವೆ. ಒಂದು ರೋಮ್‌ನಿಂದ ಹೊರಟು ಫ್ಲಾರೆನ್ಸ್, ಮಾರ್ಸೇ, ಬಾರ್ಸಿಲೋನಾ, ನೇಪಲ್ಸ್. ಇನ್ನೊಂದು ಅಥೆನ್ಸ್‌ನಿಂದ ಹೊರಟು ಗ್ರೀಸ್‌ನ ದ್ವೀಪಗಳು ಮತ್ತು ಟರ್ಕಿ. ಯಾವುದು ಒಳ್ಳೆಯದು? ಬಾಲ್ಕನಿ ಕೋಣೆ ಬೇಕಾ? ಟಿಕೆಟ್ ಬಿಟ್ಟು ಇನ್ನೆಷ್ಟು ಖರ್ಚು ಬರುತ್ತದೆ? ಅಮ್ಮನಿಗೆ ಸಮುದ್ರ ಒಗ್ಗುತ್ತಾ? ಮತ್ತೆ, ಕೇಳೋಕೆ ಸಂಕೋಚ, ಹಡಗು ಅಪಾಯ ಅಲ್ವಾ?

ಉತ್ತರ: ಸಂಕೋಚ ಯಾಕೆ, ಕೊನೆಯ ಪ್ರಶ್ನೆಯೇ ಎಲ್ಲರ ಮನಸ್ಸಲ್ಲೂ ಮೊದಲು ಬರುವುದು. ಅದಕ್ಕೂ ಬರುತ್ತೇನೆ.

ಮೊದಲು ನನ್ನ ವಿಷಯ ಒಂದು ಮಾತು. ಹದಿನಾಲ್ಕು ವರ್ಷ ಕ್ರೂಸ್ ಹಡಗುಗಳಲ್ಲಿ ಗೆಸ್ಟ್ ಸರ್ವಿಸ್ ಕೌಂಟರಿನ ಹಿಂದೆ ನಿಂತವನು ನಾನು. ಖುಷಿಯಾಗಿರುವವರು ಆ ಕೌಂಟರಿಗೆ ಬರುವುದಿಲ್ಲ. ಬಿಲ್ ಜಾಸ್ತಿಯಾದವರು, ಪಕ್ಕದ ಕೋಣೆಯ ಗಲಾಟೆಗೆ ನಿದ್ದೆ ಕೆಟ್ಟವರು, ಊರು ನೋಡೋಕೆ ಆಗಲಿಲ್ಲ ಎಂದು ಮುಖ ಊದಿಸಿಕೊಂಡವರು ಬರುತ್ತಾರೆ. ಹಾಗಾಗಿ ನನ್ನ ಸಲಹೆಯಲ್ಲಿ ದೂರುಗಳ ವಾಸನೆ ಸ್ವಲ್ಪ ಇರುತ್ತದೆ. ಅದನ್ನು ಕಳೆದು ಓದಿಕೊಳ್ಳಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೋಗಿ. ಮಂಡಿನೋವಿನ ಅಜ್ಜಿ, ಐದು ವರ್ಷದ ಮಗು ಇಬ್ಬರೂ ಇರುವ ಕುಟುಂಬಕ್ಕೆ ಇದಕ್ಕಿಂತ ಅನುಕೂಲದ ಪ್ರವಾಸ ಕಡಿಮೆ. ಪೆಟ್ಟಿಗೆ ಒಂದೇ ಸಲ ಬಿಚ್ಚುತ್ತೀರಿ, ಒಂದೇ ಸಲ ಕಟ್ಟುತ್ತೀರಿ. ಸಾಕಾದವರು ಕೋಣೆಗೆ ಹೋಗಿ ಮಲಗಬಹುದು, ಉಳಿದವರ ಪ್ರವಾಸ ನಿಲ್ಲುವುದಿಲ್ಲ. ಎರಡು ದಾರಿಯಲ್ಲಿ ನಾನಾದರೆ ಪಶ್ಚಿಮದ್ದನ್ನು ಹಿಡಿಯುತ್ತೇನೆ, ಅಂದರೆ ರೋಮ್‌ನಿಂದ ಹೊರಡುವುದನ್ನು. ಆದರೆ ಆ ಜಾಹೀರಾತಿನಲ್ಲಿ ಬರೆದಿರುವ ಊರುಗಳ ಹೆಸರನ್ನು ಹಾಗೇ ನಂಬಿಕೊಂಡು ಹೋಗಬೇಡಿ.

ಯಾಕೆ ಅಂತ ಹೇಳುತ್ತೇನೆ. ಹಡಗು ರೋಮ್‌ಗೆ ಹೋಗುವುದಿಲ್ಲ. ರೋಮ್‌ಗೆ ಕಡಲೇ ಇಲ್ಲವಲ್ಲ. ಹಡಗು ನಿಲ್ಲುವುದು ಸಿವಿಟವೆಕ್ಕಿಯಾ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮ್ ಸುಮಾರು 80 ಕಿಲೋಮೀಟರ್. ಹಾಗೆಯೇ ಫ್ಲಾರೆನ್ಸ್ ಅಂದರೆ ಲಿವೋರ್ನೋ ಬಂದರು, ಊರು ಸುಮಾರು 90 ಕಿಲೋಮೀಟರ್ ಒಳಗಿದೆ. ಬೇರೆ ಕಡೆ ಇನ್ನೂ ತಮಾಷೆ. ಪ್ಯಾರಿಸ್ ಎಂದು ಬರೆದಿದ್ದರೆ ಅದು ಲೆ ಹಾವ್ರ್, ಪ್ಯಾರಿಸ್ಸಿಗೆ 200 ಕಿಲೋಮೀಟರ್. ಬರ್ಲಿನ್ ಎಂದಿದ್ದರೆ ವಾರ್ನೆಮುಂಡೆ, ಅಲ್ಲಿಂದ ಬರ್ಲಿನ್‌ಗೆ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಅದಕ್ಕೇ ಹೇಳುವುದು, ವೇಳಾಪಟ್ಟಿಯನ್ನು ಗಡಿಯಾರ ಹಿಡಿದು ಓದಬೇಕು.

ಒಂದು ದಿನ ಲೆಕ್ಕ ಹಾಕಿ ನೋಡೋಣ. ಲಿವೋರ್ನೋದಲ್ಲಿ ಹಡಗು ಬೆಳಿಗ್ಗೆ 7ಕ್ಕೆ ನಿಂತು ಸಂಜೆ 7ಕ್ಕೆ ಹೊರಡುತ್ತದೆ ಅಂದುಕೊಳ್ಳಿ. ಹನ್ನೆರಡು ಗಂಟೆ ಇದೆಯಲ್ಲ ಎನಿಸುತ್ತದೆ. ಆರು ಜನ ಎದ್ದು, ತಿಂದು, ಸಾಲಲ್ಲಿ ನಿಂತು ಕೆಳಗಿಳಿಯುವಷ್ಟರಲ್ಲಿ 8:30. ಬಂದರಿನ ಬಸ್ಸು, ಆಮೇಲೆ ರೈಲು. ಫ್ಲಾರೆನ್ಸ್ ತಲುಪುವಾಗ 10:30 ದಾಟಿರುತ್ತದೆ. ವಾಪಸ್ ಹಡಗು ಹತ್ತಬೇಕಾದ ಕೊನೆಯ ಹೊತ್ತು ಹೊರಡುವ ಹೊತ್ತಲ್ಲ, ಅದಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ಅಂದರೆ 6 ಎಂದಿಟ್ಟುಕೊಳ್ಳಿ. ರೈಲು ತಡವಾದರೆ ಎಂಬ ಭಯಕ್ಕೆ ಇನ್ನೊಂದು ಗಂಟೆ ಬಿಡಬೇಕು. 3ಕ್ಕೆ ಫ್ಲಾರೆನ್ಸ್ ಬಿಡಬೇಕು. ಉಳಿದದ್ದು ನಾಲ್ಕೂವರೆ ಗಂಟೆ. ಅದರಲ್ಲಿ ಊಟ, ಶೌಚಾಲಯ ಹುಡುಕುವುದು, ಚಿಕ್ಕವನ ಅಳು. ನಿಮ್ಮ ತಾಯಿಯವರನ್ನು ಕರೆದುಕೊಂಡು ಇಷ್ಟು ಓಡುವುದು ಬೇಕಾ? ನನ್ನ ಮಾತು ಕೇಳಿದರೆ ಆ ದಿನ ಲಿವೋರ್ನೋದಿಂದ 25 ಕಿಲೋಮೀಟರ್ ದೂರದ ಪೀಸಾಗೆ ಹೋಗಿ, ವಾಲಿದ ಗೋಪುರದ ಮುಂದೆ ಹುಲ್ಲಿನ ಪಕ್ಕ ಕೂತು, ಮಧ್ಯಾಹ್ನಕ್ಕೆ ಹಡಗಿಗೆ ಬನ್ನಿ. ಎಲ್ಲರೂ ಊರಿಗೆ ಹೋಗಿರುವ ಆ ಹೊತ್ತಿನಲ್ಲಿ ಈಜುಕೊಳ ಖಾಲಿ ಇರುತ್ತದೆ. ಮಕ್ಕಳಿಗೆ ಅದೇ ಹಬ್ಬ.

ರೋಮ್ ವಿಷಯ ಬೇರೆ. ಅದು ನೀವು ಹಡಗು ಹತ್ತುವ ಊರು. ಹಾಗಾಗಿ ಎರಡು ದಿನ ಮೊದಲೇ ಹೋಗಿ ಉಳಿದುಕೊಳ್ಳಿ, ನಿಧಾನವಾಗಿ ನೋಡಿ. ಮೊದಲೇ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಡಗು ಹೊರಡುವ ದಿನವೇ ವಿಮಾನದಲ್ಲಿ ಇಳಿಯುವ ಪ್ಲಾನ್ ಹಾಕಿಕೊಂಡವರು ವಿಮಾನ ತಡವಾಗಿ, ಬಂದರಿಗೆ ಬರುವಷ್ಟರಲ್ಲಿ ಖಾಲಿ ನೀರು ನೋಡಿದ್ದನ್ನು ನಾನು ಬಲ್ಲೆ. ಹಡಗು ಒಂದು ಕುಟುಂಬಕ್ಕಾಗಿ ಕಾಯುವುದಿಲ್ಲ. ಅದೇ ರೀತಿ ವಾಪಸ್ ಬರುವ ದಿನ ಮಧ್ಯಾಹ್ನಕ್ಕೆ ಮೊದಲಿನ ವಿಮಾನ ಬುಕ್ ಮಾಡಬೇಡಿ.

ಬಾರ್ಸಿಲೋನಾ, ನೇಪಲ್ಸ್ ಇವುಗಳಲ್ಲಿ ಬಂದರು ಊರಿಗೆ ಅಂಟಿಕೊಂಡೇ ಇದೆ. ಅಲ್ಲಿ ನೀವೇ ಓಡಾಡಿಕೊಳ್ಳಿ, ಹಡಗಿನವರ ಟೂರ್ ಕೊಳ್ಳುವ ಅಗತ್ಯ ಇಲ್ಲ. ದೂರದ ಊರಿಗೆ ಹೋಗಲೇಬೇಕು ಅನ್ನುವಾಗ ಮಾತ್ರ ಹಡಗಿನವರ ಟೂರ್ ತೆಗೆದುಕೊಳ್ಳಿ. ದುಡ್ಡು ಜಾಸ್ತಿ, ಗುಂಪು ದೊಡ್ಡದು, ನಿಜ. ಆದರೆ ಅವರ ಬಸ್ಸು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಜವಾಬ್ದಾರಿ ಅವರದೇ. ನೀವೇ ಮಾಡಿಕೊಂಡ ಟ್ಯಾಕ್ಸಿ ಕೆಟ್ಟರೆ ಆ ಮಾತಿಲ್ಲ.

ತಡವಾದರೆ ಏನಾಗುತ್ತದೆ ಎಂದು ಕೌಂಟರಿನ ಈ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ. ಹಡಗು ಹತ್ತುವಾಗ ಪ್ರತಿಯೊಬ್ಬರೂ ತೋರಿಸಬೇಕಾದ ಕಾರ್ಡ್, ಹೊತ್ತು ಮೀರಿದ ಮೇಲೂ ಸ್ಕ್ಯಾನ್ ಆಗದೆ ಉಳಿದವರ ಹೆಸರುಗಳು ಪರದೆಯ ಮೇಲೆ ಕಾಣುತ್ತವೆ. ಮೈಕಿನಲ್ಲಿ ಆ ಹೆಸರುಗಳನ್ನು ಕೂಗುತ್ತೇವೆ. ಉತ್ತರ ಇಲ್ಲದಿದ್ದರೆ ಅವರ ಕೋಣೆಗೆ ಹೋಗಿ, ತಿಜೋರಿ ತೆಗೆಸಿ, ಪಾಸ್‌ಪೋರ್ಟ್ ಮತ್ತು ಔಷಧಿ ಹುಡುಕಿ ಬಂದರಿನ ಏಜೆಂಟ್ ಕೈಗೆ ಕೊಡುತ್ತೇವೆ. ನೇಪಲ್ಸ್‌ನಲ್ಲಿ ಒಂದು ಸಂಜೆ ನಾನೇ ಹೀಗೆ ಗಂಡ ಹೆಂಡತಿ ಇಬ್ಬರ ಪಾಸ್‌ಪೋರ್ಟ್ ಕೊಟ್ಟು ಬಂದಿದ್ದೆ. ಹಗ್ಗ ಬಿಚ್ಚಿ, ಹಡಗಿಗೂ ದಡಕ್ಕೂ ನಡುವೆ ಹತ್ತು ಮೀಟರ್ ನೀರು ಕಾಣುವ ಹೊತ್ತಿಗೆ ಅವರು ಓಡಿ ಬಂದರು. ಹೆಂಗಸಿನ ಕೈಯಲ್ಲಿ ಚಪ್ಪಲಿ, ಗಂಡನ ಕೈಯಲ್ಲಿ ಎರಡು ಶಾಪಿಂಗ್ ಚೀಲ. ಮೇಲಿನ ಡೆಕ್ಕುಗಳಲ್ಲಿ ನಿಂತವರು ಚಪ್ಪಾಳೆ ಹೊಡೆದರು. ಚಪ್ಪಾಳೆ ಹೊಡೆದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆ ಇಬ್ಬರ ತಪ್ಪು ಇಷ್ಟೇ: ಅವರು ಕೈಯಲ್ಲಿದ್ದ ಫೋನಿನ ಗಂಟೆ ನೋಡಿಕೊಂಡಿದ್ದರು. ಕೆಲವು ಪ್ರಯಾಣಗಳಲ್ಲಿ ಹಡಗಿನ ಗಂಟೆ ಒಂದು, ಊರಿನ ಗಂಟೆ ಇನ್ನೊಂದು ಇರುತ್ತದೆ. ಫೋನ್ ಸಿಕ್ಕ ಟವರಿನ ಗಂಟೆಯನ್ನು ತಾನೇ ಹಿಡಿದುಕೊಳ್ಳುತ್ತದೆ. ಒಂದು ಹಳೇ ಕಾಲದ ಕೈಗಡಿಯಾರ ಕಟ್ಟಿಕೊಂಡು ಅದನ್ನು ಹಡಗಿನ ಗಂಟೆಗೆ ಇಟ್ಟುಕೊಳ್ಳಿ.

ಇನ್ನು ಗ್ರೀಸ್ ದಾರಿ ಯಾಕೆ ಬೇಡ ಅಂದೆ? ಸುಂದರ ದಾರಿ ಅದು, ಅನುಮಾನ ಇಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಸ್ಯಾಂಟೊರಿನಿಯಿಂದ ಹಡಗು ಹೊರಡುವಾಗ ಕೆಲಸ ಬಿಟ್ಟು ನಾವೂ ಡೆಕ್ಕಿಗೆ ಓಡುತ್ತಿದ್ದೆವು. ಆದರೆ ಸ್ಯಾಂಟೊರಿನಿಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ನಡುನೀರಲ್ಲಿ ನಿಲ್ಲುತ್ತದೆ. ಅಲ್ಲಿಂದ ಟೆಂಡರ್ ಎಂಬ ಸಣ್ಣ ದೋಣಿಗೆ ಇಳಿಯಬೇಕು. ಅಲೆ ಇದ್ದರೆ ದೋಣಿ ಒಂದಡಿ ಮೇಲೆ, ಒಂದಡಿ ಕೆಳಗೆ ಆಡುತ್ತಿರುತ್ತದೆ. ಸಿಬ್ಬಂದಿ ಎರಡೂ ತೋಳು ಹಿಡಿದು "ಈಗ ಬನ್ನಿ" ಎಂದಾಗ ಕಾಲು ಇಡಬೇಕು. ಮಂಡಿ ಗಟ್ಟಿ ಇದ್ದವರಿಗೇ ಅದು ಪರೀಕ್ಷೆ. ಅಷ್ಟಕ್ಕೆ ಮುಗಿಯಲಿಲ್ಲ. ಹಳೇ ಬಂದರಿನಿಂದ ಮೇಲಿನ ಫೀರಾ ಊರಿಗೆ ಹೋಗಲು ಕೇಬಲ್ ಕಾರ್, ಇಲ್ಲವೇ ಸುಮಾರು 600 ಮೆಟ್ಟಿಲು, ಇಲ್ಲವೇ ಕತ್ತೆ. ನಾಲ್ಕು ಹಡಗು ಒಂದೇ ದಿನ ನಿಂತರೆ ಕೇಬಲ್ ಕಾರ್ ಸಾಲು ಬಿಸಿಲಲ್ಲೇ ಗಂಟೆಗಟ್ಟಲೆ ನಿಲ್ಲಿಸುತ್ತದೆ. ಟರ್ಕಿಯ ಕುಶಾದಸಿಯಲ್ಲಿ ಹಡಗೇನೋ ದಡಕ್ಕೇ ಬರುತ್ತದೆ. ಆದರೆ ಅಲ್ಲಿ ಎಲ್ಲರೂ ನೋಡಲು ಹೋಗುವ ಎಫೆಸಸ್ ಅವಶೇಷಗಳಲ್ಲಿ ನುಣುಪಾದ ಅಮೃತಶಿಲೆಯ ಇಳಿಜಾರು ದಾರಿ, ನೆರಳು ಕಡಿಮೆ.

ಇದರ ಮೇಲೆ ಗಾಳಿ. ಜುಲೈ, ಆಗಸ್ಟ್ ತಿಂಗಳಲ್ಲಿ ಏಜಿಯನ್ ಸಮುದ್ರದಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಬೀಸುತ್ತದೆ. ಅದು ಜೋರಾದರೆ ಟೆಂಡರ್ ದೋಣಿ ಇಳಿಸುವುದಿಲ್ಲ, ಕ್ಯಾಪ್ಟನ್ ಆ ದ್ವೀಪವನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ಟಿಕೆಟ್ಟಿನ ಹಿಂದಿನ ಸಣ್ಣ ಅಕ್ಷರಗಳಲ್ಲಿ ಆ ಅಧಿಕಾರ ಅವರಿಗೆ ಇದೆ. ಸಾಮಾನ್ಯವಾಗಿ ನಿಮಗೆ ವಾಪಸ್ ಸಿಗುವುದು ಆ ಬಂದರಿನ ತೆರಿಗೆ ಮಾತ್ರ. ಪಶ್ಚಿಮದಲ್ಲೂ ಗಾಳಿ ಇಲ್ಲದೆ ಇಲ್ಲ. ಮಾರ್ಸೇ ಸುತ್ತಮುತ್ತ ಮಿಸ್ಟ್ರಲ್ ಗಾಳಿ ಬೀಸಿದರೆ ಹಡಗು ಚೆನ್ನಾಗಿಯೇ ಆಡುತ್ತದೆ. ಆದರೆ ಅದರ ಜೋರು ಚಳಿಗಾಲ ಮತ್ತು ವಸಂತದಲ್ಲಿ. ನೀವು ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ ಹೋದರೆ ಸಮುದ್ರ ಬಹುಪಾಲು ಶಾಂತ, ಬಿಸಿಲೂ ಸಹಿಸುವಂತೆ ಇರುತ್ತದೆ. ಜುಲೈ, ಆಗಸ್ಟ್ ಸಾಧ್ಯವಾದಷ್ಟು ಬೇಡ. ಆಗ ಯುರೋಪಿನ ಶಾಲೆಗಳಿಗೆ ರಜೆ, ಹಡಗು ತುಂಬಿ ತುಳುಕುತ್ತದೆ.

ವೀಸಾ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ನಿಂತಿದೆ. ಒಂದು ವಿಷಯ ಮಾತ್ರ ಎಲ್ಲರಿಗೂ ಅನ್ವಯ. ಹಡಗು ಷೆಂಗೆನ್ ದೇಶಗಳಿಂದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು ಅದು) ಹೊರಗೆ, ಉದಾಹರಣೆಗೆ ಟರ್ಕಿಗೆ, ಹೋಗಿ ವಾಪಸ್ ಬರುವುದಾದರೆ, ಷೆಂಗೆನ್ ವೀಸಾ ಬೇಕಾದವರು ಹಲವು ಸಲ ಒಳಬರಬಹುದಾದ ವೀಸಾವನ್ನೇ ಕೇಳಿ ಪಡೆಯಬೇಕು. ಒಂದು ಸಲದ ವೀಸಾ ಹಿಡಿದು ಬಂದವರನ್ನು ಹಡಗು ಹತ್ತಿಸಿಕೊಳ್ಳದೆ ಬಂದರಿನಲ್ಲೇ ಬಿಟ್ಟ ಪ್ರಸಂಗಗಳಿವೆ. ಇದೂ ಪಶ್ಚಿಮದ ದಾರಿಗೆ ಒಂದು ವೋಟು.

ಕೋಣೆಗೆ ಬರೋಣ. ಆರು ಜನಕ್ಕೆ ಎರಡು ಕೋಣೆ ಬೇಕೇ ಬೇಕು. ನನ್ನ ಸಲಹೆ: ಅಪ್ಪ ಅಮ್ಮನಿಗೆ ಬಾಲ್ಕನಿ ಕೋಣೆ, ಎದುರಿಗೇ ಮೊಗಸಾಲೆ ದಾಟಿದರೆ ನಿಮಗೂ ಮಕ್ಕಳಿಗೂ ಕಿಟಕಿ ಇಲ್ಲದ ಒಳಗಿನ ಕೋಣೆ. ಒಂದು ಬಾಲ್ಕನಿ ಇದ್ದರೆ ಆರೂ ಜನ ಸಂಜೆ ಅಲ್ಲಿ ಕೂರಬಹುದು, ಎರಡನೆಯದಕ್ಕೆ ದುಡ್ಡು ಸುರಿಯುವುದು ಸುಮ್ನೆ. ಹಡಗಿನ ಕೋಣೆಗಳಲ್ಲಿ ಮೂರನೆಯವರಿಗೂ ನಾಲ್ಕನೆಯವರಿಗೂ ಸಾಮಾನ್ಯವಾಗಿ ಟಿಕೆಟ್ ಕಡಿಮೆ. ಅದು ನಿಮ್ಮ ಮಕ್ಕಳಿಗೆ ಸಿಗುತ್ತದೆ. ಒಳಗಿನ ಕೋಣೆಯಲ್ಲಿ ದೀಪ ಆರಿಸಿದರೆ ಬೆಳಿಗ್ಗೆ ಹತ್ತೋ ರಾತ್ರಿ ಎರಡೋ ಗೊತ್ತಾಗುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಚಾನೆಲ್ ಇದ್ದರೆ ಅದನ್ನು ಸದ್ದಿಲ್ಲದೆ ಹಾಕಿ ಮಲಗಿ. ಬೆಳಗಾದಾಗ ಟಿವಿಯೂ ಬೆಳಗುತ್ತದೆ.

ಇಡೀ ದಿನ ಊರಲ್ಲಿ ಕಳೆಯುವ ಮೆಡಿಟರೇನಿಯನ್ ದಾರಿಯಲ್ಲಿ ಬಾಲ್ಕನಿ ದೊಡ್ಡ ವಿಷಯ ಅಲ್ಲ ಎಂದು ನಾನು ಬೇರೆಯವರಿಗೆ ಹೇಳುತ್ತೇನೆ. ನಾರ್ವೆಯ ಫ್ಯೋರ್ಡ್‌ಗಳು, ಅಲಾಸ್ಕಾ ಇಂಥ ಕಡೆ ಅದಕ್ಕೆ ಕೊಟ್ಟ ದುಡ್ಡು ಸಾರ್ಥಕ. ಆದರೆ ನಿಮ್ಮ ತಾಯಿಯವರು ಕೆಲವು ಊರುಗಳಲ್ಲಿ ಇಳಿಯದೆ ಇರಬಹುದು. ಅವರಿಗೆ ಒಂದು ಕುರ್ಚಿ, ಮುಂದೆ ಕಡಲು, ಯಾರ ಹಂಗೂ ಇಲ್ಲದ ಮಧ್ಯಾಹ್ನ ಸಿಗಲಿ. ಬಾಲ್ಕನಿಯಲ್ಲಿ ಕುರ್ಚಿಯನ್ನು ಮಾತ್ರ ಕಂಬಿಯ ಹತ್ತಿರ ಬಿಡಬೇಡಿ. ಐದು ವರ್ಷದವನು ಹತ್ತಿ ನಿಲ್ಲಲು ಅಷ್ಟು ಸಾಕು.

ಯಾವ ಕೋಣೆ ಎನ್ನುವುದಕ್ಕಿಂತ ಎಲ್ಲಿರುವ ಕೋಣೆ ಎನ್ನುವುದು ಮುಖ್ಯ. ಹಡಗಿನ ನಕ್ಷೆ ತೆರೆದು, ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಡೆಕ್, ಲಿಫ್ಟ್‌ಗೆ ಹತ್ತಿರ ಇರುವುದನ್ನು ಆರಿಸಿ. ಮೇಲೂ ಕೆಳಗೂ ಕೋಣೆಗಳೇ ಇರುವ ಡೆಕ್ ನಿದ್ದೆಗೆ ಒಳ್ಳೆಯದು. ಬಫೆ ಅಥವಾ ಈಜುಕೊಳದ ಕೆಳಗಿನ ಕೋಣೆಯಲ್ಲಿ ಬೆಳಗಿನ ಜಾವ ಐದಕ್ಕೆ ಕುರ್ಚಿ ಎಳೆಯುವ ಸದ್ದು ಕೇಳಿ ಎದ್ದವರು ಎಷ್ಟು ಜನ ನನ್ನ ಮುಂದೆ ನಿಂತಿದ್ದರೋ ಲೆಕ್ಕವಿಲ್ಲ. ನಂಬರ್ ಕೊಡದೆ, ಕೋಣೆ ನಾವೇ ಕೊಡುತ್ತೇವೆ ಎಂದು ಕಡಿಮೆ ದರಕ್ಕೆ ಮಾರುವ ಗ್ಯಾರಂಟಿ ಕೋಣೆಗಳಿರುತ್ತವೆ. ಅದು ಹುಡುಗರಿಗೆ ಸರಿ, ನಿಮಗೆ ಬೇಡ.

ಹಡಗು ಎಷ್ಟು ದೊಡ್ಡದಿರಬೇಕು? 2024ರಲ್ಲಿ ಹೊರಟ ಐಕಾನ್ ಆಫ್ ದಿ ಸೀಸ್ ಸುಮಾರು 365 ಮೀಟರ್ ಉದ್ದ, ತುಂಬಿದರೆ 7,600 ಪ್ರಯಾಣಿಕರು. ಮಕ್ಕಳಿಗೆ ಅದು ಸ್ವರ್ಗ. ಆದರೆ ಹಿಂಭಾಗದ ಕೋಣೆಯಿಂದ ಮುಂಭಾಗದ ರಂಗಮಂದಿರಕ್ಕೆ ನಡೆಯುವುದು ಮಂಡಿನೋವಿನವರಿಗೆ ಒಂದು ವಾಕಿಂಗ್. ಎರಡು ಮೂರು ಸಾವಿರ ಜನರ ಹಡಗು ನಿಮಗೆ ಸರಿಯಾದ ಅಳತೆ. ಬುಕ್ ಮಾಡುವಾಗಲೇ ಹತ್ತುವ, ಇಳಿಯುವ ಹೊತ್ತಿಗೆ ಗಾಲಿಕುರ್ಚಿ ಬೇಕೆಂದು ಬರೆಸಿಬಿಡಿ. ನಾಚಿಕೆ ಪಡುವಂಥದ್ದೇನಿಲ್ಲ, ಸಾಲು ತಪ್ಪುತ್ತದೆ. ಊಟದಲ್ಲಿ ಪಥ್ಯ, ಅಲರ್ಜಿ ಇದ್ದರೆ ಅದನ್ನೂ ಆಗಲೇ ಬರೆಸಿ.

ಈಗ ವಾಂತಿಯ ವಿಷಯ. ಬಸ್ಸಿನ ಕುಲುಕಾಟಕ್ಕೂ ದೊಡ್ಡ ಹಡಗಿನ ತೂಗಾಟಕ್ಕೂ ತುಂಬ ವ್ಯತ್ಯಾಸ. ಬಸ್ಸು ತಿರುವು, ಬ್ರೇಕು, ಹೊಗೆ ಎಲ್ಲ ಸೇರಿ ಹೊಟ್ಟೆ ಕಲಕುತ್ತದೆ. ಹಡಗು ತೊಟ್ಟಿಲ ಹಾಗೆ ನಿಧಾನ. ಬಸ್ಸಿನಲ್ಲಿ ಆಗದ ಎಷ್ಟೋ ಜನ ಹಡಗಿನಲ್ಲಿ ಆರಾಮಾಗಿ ಇರುವುದನ್ನು ನೋಡಿದ್ದೇನೆ. ಹಾಗೆಂದು ಗ್ಯಾರಂಟಿ ಕೊಡಲಾರೆ. ಹಡಗಿನ ಎರಡೂ ಪಕ್ಕದಲ್ಲಿ ನೀರೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ. ಎಡಕ್ಕೂ ಬಲಕ್ಕೂ ಹೊರಳುವುದನ್ನು ಅವು ತಡೆಯುತ್ತವೆ. ಮುಂದಿನ ತುದಿ ಏಳುವುದು ಬೀಳುವುದನ್ನು ತಡೆಯಲಾರವು. ಏತದ ಹಲಗೆ ನೆನಪಿಸಿಕೊಳ್ಳಿ, ತುದಿಯಲ್ಲಿ ಕೂತವರಿಗೆ ಜಾಸ್ತಿ, ನಡುವಿನಲ್ಲಿ ಕೂತವರಿಗೆ ಕಡಿಮೆ. ನಡುಭಾಗದ ಕೆಳಗಿನ ಕೋಣೆ ಎಂದು ಮೇಲೆ ಹೇಳಿದ್ದು ಅದಕ್ಕೇ.

ಮಾತ್ರೆಗಳಲ್ಲಿ ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಸಾಮಾನ್ಯವಾಗಿ ಬಳಸುವಂಥವು. ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ಆದರೆ ಹೊರಡುವ ಮುಂಚೆ ತಾಯಿಯವರ ಡಾಕ್ಟರನ್ನು ಕೇಳದೆ ಕೊಡಬೇಡಿ. ಇವು ನಿದ್ದೆ ಬರಿಸುತ್ತವೆ. ವಯಸ್ಸಾದವರು ತೂಕಡಿಸಿಕೊಂಡು ಮೆಟ್ಟಿಲು ಇಳಿಯುವುದು ಒಳ್ಳೆಯದಲ್ಲ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಇವು ಆಗಿಬರದಿರಬಹುದು, ಹಾಗಾಗಿ ತಂದೆಯವರಿಗೂ ಕೇಳಿ. ಹಡಗಿನ ಹಳೇ ಕೆಲಸಗಾರರು ಕೈಗೆತ್ತಿಕೊಳ್ಳುವುದು ಹಸಿರು ಸೇಬು ಮತ್ತು ಒಣ ಬಿಸ್ಕತ್ತು. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಕೋಣೆಯಲ್ಲಿ ಮುಸುಕು ಹಾಕಿ ಮಲಗುವ ಬದಲು ಡೆಕ್ಕಿಗೆ ಬಂದು ಕಡಲು ಬಾನು ಸೇರುವ ಗೆರೆ ನೋಡುತ್ತಾ ಕೂತರೆ ಬೇಗ ಸರಿಹೋಗುತ್ತದೆ. ಇನ್ನೊಂದು ಗುಟ್ಟು ಹೇಳಲಾ? ಲಿಫ್ಟಿನ ಪಕ್ಕ, ಮೆಟ್ಟಿಲ ಕಂಬಿಗಳಲ್ಲಿ ಕಾಗದದ ಚೀಲಗಳನ್ನು ಸಿಕ್ಕಿಸಿಟ್ಟಿದ್ದಾರೆ ಎಂದರೆ ರಾತ್ರಿ ಅಲೆ ಏಳುತ್ತದೆ ಎಂದು ಮೇಲಿನವರಿಗೆ ಗೊತ್ತಾಗಿದೆ. ಆ ಚೀಲ ಕಂಡ ಕೂಡಲೇ ಮಾತ್ರೆ ಕೊಡಿ, ಕ್ಯಾಪ್ಟನ್ ಮೈಕಿನಲ್ಲಿ ಹೇಳುವವರೆಗೆ ಕಾಯಬೇಡಿ.

ಅಲೆಗಿಂತ ಜಾಸ್ತಿ ಜನರನ್ನು ಮಲಗಿಸುವುದು ಕೊಳಕು ಕೈ. ನೊರೊವೈರಸ್ ಎಂಬ ವಾಂತಿ ಭೇದಿ ಹಡಗಿನಲ್ಲಿ ಬೇಗ ಹರಡುತ್ತದೆ. ಬಾಗಿಲಲ್ಲಿ ಇಟ್ಟ ಸ್ಯಾನಿಟೈಸರ್ ಇದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸೋಪು ನೀರೇ ಆಗಬೇಕು. ಬಫೆಯಲ್ಲಿ ಎಲ್ಲರೂ ಮುಟ್ಟುವ ಚಮಚ ಹಿಡಿದು ಬಡಿಸಿಕೊಂಡ ಮೇಲೆ, ತಿನ್ನುವ ಮೊದಲು ಇನ್ನೊಮ್ಮೆ ಕೈ ತೊಳೆಯಿರಿ. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳದೆ ಬಂದು ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲ್. ಅಂಕಗಳನ್ನು ಯಾರು ಬೇಕಾದರೂ ನೋಡಬಹುದು. ನಿಮ್ಮ ಹಡಗು ವರ್ಷದ ಅರ್ಧ ಭಾಗ ಆ ಕಡೆ ಓಡಾಡುವಂಥದ್ದಾದರೆ ಅದರ ಅಂಕವೂ ಸಿಗುತ್ತದೆ.

ಹಡಗಿನಲ್ಲಿ ಡಾಕ್ಟರು, ನರ್ಸು ಇರುತ್ತಾರೆ. ಆದರೆ ಪುಕ್ಕಟೆ ಅಲ್ಲ, ದುಬಾರಿ ಖಾಸಗಿ ಆಸ್ಪತ್ರೆಯ ಬಿಲ್ ಬರುತ್ತದೆ. ತುಂಬಾ ಗಂಭೀರವಾದರೆ ಹತ್ತಿರದ ಬಂದರಿನ ಆಸ್ಪತ್ರೆಗೆ ಇಳಿಸುತ್ತಾರೆ, ಕೆಲವೊಮ್ಮೆ ಹೆಲಿಕಾಪ್ಟರ್ ಬರುತ್ತದೆ. ಹಾಗಾಗಿ ಇನ್ಶೂರೆನ್ಸ್ ಮಾಡಿಸುವಾಗ ಹಡಗಿನ ಪ್ರಯಾಣ ಮತ್ತು ತುರ್ತು ಸಾಗಾಟ ಎರಡೂ ಸೇರಿದೆಯಾ ಎಂದು ಕೇಳಿ. ಅಪ್ಪ ಅಮ್ಮನಿಗೆ ಈಗಾಗಲೇ ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ. ಮುಚ್ಚಿಟ್ಟರೆ ಕ್ಲೈಮ್ ಹೊತ್ತಿಗೆ ಕೈಕೊಡುತ್ತದೆ. ಜೊತೆಗೆ ಬರುವ ಬೇರೆ ಸಂಬಂಧಿಕರಲ್ಲಿ ಯಾರಾದರೂ ಗರ್ಭಿಣಿ ಇದ್ದರೆ ನೆನಪಿರಲಿ, 24 ವಾರಕ್ಕೆ ಕಾಲಿಟ್ಟವರನ್ನು ಹೆಚ್ಚಿನ ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ.

ಖರ್ಚಿನ ಮಾತು. ಟಿಕೆಟ್ಟಿನಲ್ಲಿ ಕೋಣೆ, ಮುಖ್ಯ ಊಟದ ಮನೆ ಮತ್ತು ಬಫೆ, ನಾಟಕ, ಸಂಗೀತ, ಈಜುಕೊಳ, ಮಕ್ಕಳ ಕ್ಲಬ್ಬು ಸೇರಿರುತ್ತದೆ. ಉಳಿದದ್ದಕ್ಕೆಲ್ಲ ಬೇರೆ ಮೀಟರ್ ಓಡುತ್ತದೆ. ನಾನು ಎಲ್ಲರಿಗೂ ಹೇಳುವ ಒರಟು ಲೆಕ್ಕ: ಟಿಕೆಟ್ಟಿನ ಅರ್ಧದಷ್ಟು ದುಡ್ಡನ್ನು ಪಕ್ಕಕ್ಕೆ ಇಟ್ಟುಕೊಳ್ಳಿ, ವಿಮಾನ ಬಿಟ್ಟು. ಉಳಿದರೆ ಖುಷಿ.

ಮೊದಲನೆಯದು ಟಿಪ್ಸ್. ಸರ್ವಿಸ್ ಚಾರ್ಜ್ ಹೆಸರಲ್ಲಿ ತಲೆಗೆ ಇಷ್ಟು, ದಿನಕ್ಕೆ ಇಷ್ಟು ಎಂದು ತಾನೇ ಬಿಲ್ಲಿಗೆ ಸೇರುತ್ತದೆ. ಮಕ್ಕಳಿಗೂ ಉಂಟು, ಕೆಲವು ಕಂಪನಿಗಳಲ್ಲಿ ಕಡಿಮೆ. ಆರು ಜನ, ಏಳು ರಾತ್ರಿ, ಅಂದರೆ 42 ಸಲ. ಕೊನೆಯ ರಾತ್ರಿ ನಮ್ಮ ಕೌಂಟರಿನ ಮುಂದಿನ ಸಾಲಿನಲ್ಲಿ ಅರ್ಧ ಜನ ಇದನ್ನು ತೆಗೆಸಲು ಬಂದವರು. ತೆಗೆಸಬೇಡಿ ಎನ್ನುವುದು ನನ್ನ ಅಭಿಪ್ರಾಯ. ನಿಮ್ಮ ಹಾಸಿಗೆ ಹಾಸಿದ ಹುಡುಗನ ಸಂಬಳ ಅದರಲ್ಲೇ ಇದೆ. ಬುಕ್ ಮಾಡುವಾಗಲೇ ಸೇರಿಸಿ ಕೊಟ್ಟುಬಿಟ್ಟರೆ ಕೊನೆಗೆ ಚುರುಕ್ ಅನ್ನುವುದಿಲ್ಲ.

ಎರಡನೆಯದು ಪಾನೀಯದ ಪ್ಯಾಕೇಜ್. ಹಲವು ಕಂಪನಿಗಳಲ್ಲಿ ಮದ್ಯದ ಪ್ಯಾಕೇಜನ್ನು ಒಂದು ಕೋಣೆಯ ಒಬ್ಬ ದೊಡ್ಡವರು ಕೊಂಡರೆ ಆ ಕೋಣೆಯ ಎಲ್ಲ ದೊಡ್ಡವರೂ ಕೊಳ್ಳಬೇಕು. ಒಬ್ಬರೇ ಕುಡಿಯುವವರಾದರೆ ಲೆಕ್ಕ ಅಲ್ಲೇ ಸೋತಿತು. ನಿಮ್ಮ ದಾರಿಯಲ್ಲಿ ಹೆಚ್ಚಿನ ದಿನ ನೀವು ಬೆಳಿಗ್ಗೆಯಿಂದ ಸಂಜೆಯವರೆಗೆ ಊರಲ್ಲಿರುತ್ತೀರಿ, ಪ್ಯಾಕೇಜ್ ಹಡಗಿನಲ್ಲಿ ಸುಮ್ಮನೆ ಮಲಗಿರುತ್ತದೆ. ಕುಡಿದಷ್ಟಕ್ಕೆ ಕೊಡುವುದೇ ಲೇಸು. ಯುರೋಪ್ ಕಡೆಯ ಕೆಲವು ಹಡಗುಗಳಲ್ಲಿ ಊಟದ ಮೇಜಿನಲ್ಲಿ ನೀರೂ ಬಾಟಲಿಯದ್ದೇ, ಬಿಲ್ಲಿಗೆ ಸೇರುತ್ತದೆ. ಮೊದಲೇ ಕೇಳಿಕೊಳ್ಳಿ.

ಮೂರನೆಯದು ಫೋನ್, ಇದು ಕಣ್ಣಿಗೆ ಕಾಣದ ಕಳ್ಳ. ದಡ ಬಿಟ್ಟ ಮೇಲೆ ಹಡಗಿನ ಸ್ವಂತ ಮೊಬೈಲ್ ನೆಟ್‌ವರ್ಕ್ ಹಿಡಿಯುತ್ತದೆ. ಅದರ ದರ ಸಾಮಾನ್ಯ ರೋಮಿಂಗ್ ಪ್ಯಾಕಿನಲ್ಲಿ ಬರುವುದಿಲ್ಲ. ಹಡಗು ಹತ್ತಿದ ಕೂಡಲೇ ಆರೂ ಜನರ ಫೋನ್ ಏರೋಪ್ಲೇನ್ ಮೋಡ್‌ಗೆ ಹೋಗಲಿ. ವೈಫೈ ಬೇಕಾದರೆ ಒಂದು ಸಾಧನಕ್ಕೆ ಕೊಂಡು ಸರದಿಯಲ್ಲಿ ಬಳಸಿ.

ಕೌಂಟರಿನಲ್ಲಿ ಖರ್ಚಿಗೆ ಕಾರ್ಡ್ ಕೊಡುವಾಗ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ದಿನದಿನವೂ ಒಂದಷ್ಟು ಹಣ ತಡೆಹಿಡಿದು, ಪ್ರವಾಸ ಮುಗಿದು ಎಷ್ಟೋ ದಿನ ಆದರೂ ಬಿಡುಗಡೆ ಆಗುವುದಿಲ್ಲ. ಬಿಲ್ಲನ್ನು ದಿನಾ ರಾತ್ರಿ ಒಮ್ಮೆ ನೋಡಿ. ತಪ್ಪಿದ್ದರೆ ಮರುದಿನ ಮಧ್ಯಾಹ್ನ, ಎಲ್ಲರೂ ಊರಲ್ಲಿರುವಾಗ ಬಂದು ಹೇಳಿ. ಕೊನೆಯ ರಾತ್ರಿ ಬಂದರೆ ಒಂದು ಗಂಟೆ ಸಾಲು.

ಇನ್ನು ಅಪಾಯದ ಪ್ರಶ್ನೆ. 2012ರ ಜನವರಿ 13ರ ರಾತ್ರಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಇಟಲಿಯ ಜಿಲಿಯೋ ದ್ವೀಪದ ಬಂಡೆಗೆ ಬಡಿದು ಮಗುಚಿತು. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಇದ್ದರು, 32 ಮಂದಿ ಸತ್ತರು. ಆ ಹಡಗು ಅವತ್ತು ಸಂಜೆ ಹೊರಟದ್ದು ನೀವು ಹತ್ತಲಿರುವ ಸಿವಿಟವೆಕ್ಕಿಯಾದಿಂದಲೇ. ಹೆದರಿಸಲು ಹೇಳುತ್ತಿಲ್ಲ. ಆಗಿನ ನಿಯಮದ ಪ್ರಕಾರ ಸುರಕ್ಷತೆಯ ಡ್ರಿಲ್ಲನ್ನು ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಹಾಗಾಗಿ ಅಲ್ಲಿ ಹತ್ತಿದವರಿಗೆ ಡ್ರಿಲ್ ಇನ್ನೂ ಆಗಿಯೇ ಇರಲಿಲ್ಲ. ಆಮೇಲೆ ನಿಯಮ ಬದಲಾಯಿತು. 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಡ್ರಿಲ್ ಆಗಲೇಬೇಕು. ದೊಡ್ಡ ಕ್ರೂಸ್ ಹಡಗುಗಳಲ್ಲಿ ಇಂಥ ದುರಂತ ಅಪರೂಪ, ನಾನು ಹದಿನಾಲ್ಕು ವರ್ಷ ಅಲ್ಲೇ ಮಲಗಿ ಎದ್ದವನು. ಆದರೂ ಆ ಡ್ರಿಲ್ ದಿನ ಜನ ಫೋನ್ ನೋಡುತ್ತಾ ನಿಲ್ಲುವುದು ಕಂಡರೆ ಮೈ ಉರಿಯುತ್ತದೆ. ಏಳು ಗಿಡ್ಡ ಸದ್ದು, ಒಂದು ಉದ್ದ ಸದ್ದು, ಇದು ತುರ್ತು ಕರೆ. ಮಕ್ಕಳಿಗೆ ಆಟದ ಹಾಗೆ ಹೇಳಿಕೊಡಿ. ನಿಮ್ಮ ಗುಂಪು ಸೇರುವ ಜಾಗಕ್ಕೆ ಕೋಣೆಯಿಂದ ಲಿಫ್ಟ್ ಇಲ್ಲದೆ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡಿ. ಮೆಟ್ಟಿಲು ಇಳಿಯಲು ಅಮ್ಮನಿಗೆ ಸಹಾಯ ಬೇಕೆಂದು ಮೊದಲ ದಿನವೇ ಕೌಂಟರಿನಲ್ಲಿ ಬರೆಸಿ. ಅಂಥವರ ಪಟ್ಟಿ ನಮ್ಮ ಹತ್ತಿರ ಇರುತ್ತದೆ, ಅವರಿಗೆಂದೇ ಜನರನ್ನು ನೇಮಿಸಿರುತ್ತಾರೆ.

ಮಕ್ಕಳ ಬಗ್ಗೆ ನೀವು ಏನೂ ಕೇಳಿಲ್ಲ, ಕೇಳಬೇಕಿಲ್ಲ ಕೂಡ. ಮೂರನೇ ದಿನಕ್ಕೆ ಅವರೇ ನಿಮಗೆ ದಾರಿ ತೋರಿಸುತ್ತಾರೆ. ಇಬ್ಬರೂ ವಯಸ್ಸಿನ ಪ್ರಕಾರ ಬೇರೆ ಬೇರೆ ಗುಂಪಿಗೆ ಹೋಗುತ್ತಾರೆ ಅಷ್ಟೇ. ಈಜುಕೊಳದ ಹತ್ತಿರ ಕಾವಲುಗಾರರು ಎಲ್ಲ ಹಡಗುಗಳಲ್ಲೂ ಇರುವುದಿಲ್ಲ, ಚಿಕ್ಕವನ ಜೊತೆ ದೊಡ್ಡವರೊಬ್ಬರು ಇರಲೇಬೇಕು.

ಲಗೇಜಿನಲ್ಲಿ ಇಸ್ತ್ರಿಪೆಟ್ಟಿಗೆ, ಕೆಟಲ್, ಮೇಣದಬತ್ತಿ ಹಾಕಬೇಡಿ, ಸ್ಕ್ಯಾನರಿನಲ್ಲಿ ಸಿಕ್ಕಿ ಬೀಳುತ್ತವೆ. ನಾಲ್ಕಾರು ಅಯಸ್ಕಾಂತದ ಕೊಕ್ಕೆ ಹಾಕಿಕೊಳ್ಳಿ. ಹಡಗಿನ ಕೋಣೆಯ ಗೋಡೆ ಸಾಮಾನ್ಯವಾಗಿ ಉಕ್ಕಿನದು, ಟೋಪಿ, ಒದ್ದೆ ಬಟ್ಟೆ ನೇತುಹಾಕಲು ಬರುತ್ತದೆ. ಹತ್ತುವ ದಿನ ದೊಡ್ಡ ಪೆಟ್ಟಿಗೆಗಳು ನಿಮ್ಮ ಕೋಣೆಗೆ ಬರುವಾಗ ಸಂಜೆಯಾಗುತ್ತದೆ. ಈಜುಡುಗೆ, ಔಷಧಿ ಕೈಚೀಲದಲ್ಲೇ ಇರಲಿ.

ಇಳಿಯುವ ಹಿಂದಿನ ರಾತ್ರಿಯೂ ಹೀಗೇ. ಪೆಟ್ಟಿಗೆಗಳನ್ನು ಕೋಣೆಯ ಹೊರಗೆ ಇಡಲು ಹೇಳುತ್ತಾರೆ, ರಾತ್ರೋರಾತ್ರಿ ಒಯ್ದು, ಬೆಳಿಗ್ಗೆ ಬಂದರಿನ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಒಮ್ಮೆ ಬೆಳಿಗ್ಗೆ ಆರೂವರೆಗೆ ಒಬ್ಬರು ದೊಡ್ಡ ಮನುಷ್ಯರು ಹಡಗಿನ ಬಿಳಿ ಸ್ನಾನದ ನಿಲುವಂಗಿಯಲ್ಲಿ, ಕಾಲಿಗೆ ಬೂಟು ಹಾಕಿಕೊಂಡು ಕೌಂಟರಿಗೆ ಬಂದರು. ಬಹಳ ಮರ್ಯಾದೆಯಿಂದ, ತಗ್ಗಿದ ದನಿಯಲ್ಲಿ, "ಒಂದು ಪ್ಯಾಂಟು ಸಿಗಬಹುದಾ?" ಎಂದು ಕೇಳಿದರು. ಅವರ ಹೆಂಡತಿ ರಾತ್ರಿ ಎಲ್ಲವನ್ನೂ ನೀಟಾಗಿ ಮಡಚಿ ಪೆಟ್ಟಿಗೆಗೆ ಹಾಕಿ ಹೊರಗಿಟ್ಟಿದ್ದರು. ನಮ್ಮ ಅಡುಗೆ ಮನೆಯ ಹುಡುಗನೊಬ್ಬನ ಚೌಕಳಿ ಪ್ಯಾಂಟು ಅವರಿಗೆ ಸರಿಹೊಂದಿತು. ನೀವು ಆರು ಜನರ ಬೆಳಗಿನ ಬಟ್ಟೆಯನ್ನು ಮೊದಲು ಎಣಿಸಿ ಕುರ್ಚಿಯ ಮೇಲೆ ಇಟ್ಟು, ಆಮೇಲೆ ಪೆಟ್ಟಿಗೆಗೆ ಬೀಗ ಹಾಕಿ.